ಎರಡು ಹಂತದ ಸ್ನೋ ಬ್ಲೋವರ್: ಐದು ಚಳಿಗಾಲ ದುಡಿಸಿದ ಮೇಲೆ

ನಮ್ಮ ಮನೆಯ ಬಾಗಿಲಿನಿಂದ ಸಾರ್ವಜನಿಕ ರಸ್ತೆಯವರೆಗೆ 60 ಮೀಟರ್ ಉದ್ದದ, 3 ಮೀಟರ್ ಅಗಲದ ಜಲ್ಲಿಹಾದಿಯಿದೆ. ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಬೇರೆ ಮನೆಯಿಲ್ಲ. ರಸ್ತೆಯ ಹಿಮವನ್ನು ತಳ್ಳುವ ದೊಡ್ಡ ವಾಹನ ರಸ್ತೆಯನ್ನಷ್ಟೇ ತೆರವು ಮಾಡಿ ಮುಂದೆ ಸಾಗುತ್ತದೆ. ಹಾದಿಯನ್ನು ಬಿಡಿಸಿಕೊಳ್ಳುವ ಹೊಣೆ ಮನೆಯವರದು. ಒಂದು ರಾತ್ರಿಯಲ್ಲಿ 30 ಸೆಂಟಿಮೀಟರ್ ಹಿಮ ಬಿದ್ದರೆ ಆ ಹಾದಿಯ ಮೇಲೆ 54 ಘನ ಮೀಟರ್ ಹಿಮ ಕೂತಿರುತ್ತದೆ. ಹೊಸದಾಗಿ ಬಿದ್ದ ಒಣ ಹಿಮ ಘನ ಮೀಟರಿಗೆ ಸುಮಾರು 100 ಕಿಲೋ ತೂಗುತ್ತದೆ ಎಂದಿಟ್ಟುಕೊಂಡರೂ ಅದು ಐದೂವರೆ ಟನ್ನಿನಷ್ಟು ಭಾರ. ಅದೇ ಹಿಮ ನೀರು ಕುಡಿದು ಒದ್ದೆಯಾಗಿದ್ದರೆ ಘನ ಮೀಟರಿಗೆ 300 ಕಿಲೋ ಮುಟ್ಟುವುದೂ ಉಂಟು, ಆಗ ಲೆಕ್ಕ 16 ಟನ್ನಿಗೆ ಏರುತ್ತದೆ. ಸಲಿಕೆಯಲ್ಲಿ ಒಂದು ಸಲಕ್ಕೆ 5 ಕಿಲೋ ಎತ್ತಿ ಎಸೆಯುವವರು ಹಗುರ ಹಿಮಕ್ಕೇ ಸಾವಿರಕ್ಕೂ ಹೆಚ್ಚು ಬಾರಿ ಬಗ್ಗಿ ಏಳಬೇಕಾಗುತ್ತದೆ.

ಮೊದಲ ಕೆಲವು ವರ್ಷ ನಾವಿಬ್ಬರೂ ಹಾಗೆಯೇ ಬಗ್ಗಿ ಎದ್ದೆವು. ಅನಂತರ ನಮ್ಮ ಯಜಮಾನರಿಗೆ ರಕ್ತದೊತ್ತಡ ಇರುವುದು ತಿಳಿಯಿತು, ಸಲಿಕೆ ಮುಟ್ಟಬಾರದೆಂದು ವೈದ್ಯರು ಸ್ಪಷ್ಟವಾಗಿ ಹೇಳಿದರು. ಚಳಿಯಲ್ಲಿ ರಕ್ತನಾಳಗಳು ಸಂಕೋಚಗೊಂಡು ಒತ್ತಡ ಏರುತ್ತದೆ. ಅದೇ ಹೊತ್ತಿನಲ್ಲಿ ತೋಳುಗಳಿಂದ ಭಾರ ಎತ್ತುತ್ತ, ಅರಿವಿಲ್ಲದೆ ಉಸಿರು ಬಿಗಿಹಿಡಿದರೆ ಹೃದಯದ ಮೇಲೆ ಎರಡು ಕಡೆಯಿಂದ ಹೊರೆ ಬೀಳುತ್ತದೆ. ಆದ್ದರಿಂದ ಹಿಮವನ್ನು ಎತ್ತಿ ದೂರ ತೂರುವ ಯಂತ್ರವಾದ ಸ್ನೋ ಬ್ಲೋವರನ್ನು ಕೊಳ್ಳುವುದು ನಮಗೆ ಸೌಕರ್ಯದ ಪ್ರಶ್ನೆಯಾಗಿರಲಿಲ್ಲ, ಮತ್ತು ಅದನ್ನು ನಡೆಸಬೇಕಾದವಳು ನಾನೇ ಆಗಿದ್ದೆ. ಈ ವಿಮರ್ಶೆಯನ್ನು ಆ ದೃಷ್ಟಿಯಿಂದ ಓದಬೇಕೆಂದು ಕೋರುತ್ತೇನೆ. ತಯಾರಕರ ಹೆಸರನ್ನು ಬರೆಯುತ್ತಿಲ್ಲ, ಏಕೆಂದರೆ ಇಲ್ಲಿನ ಮಾತುಗಳಲ್ಲಿ ಬಹುಪಾಲು ಈ ವರ್ಗದ ಎಲ್ಲ ಯಂತ್ರಗಳಿಗೂ ಸಲ್ಲುತ್ತವೆ.

ನಮ್ಮದು ಪೆಟ್ರೋಲಿನಿಂದ ನಡೆಯುವ, 61 ಸೆಂಟಿಮೀಟರ್ ಅಗಲದ ಬಾಯಿಯುಳ್ಳ, ಎರಡು ಹಂತದ ಯಂತ್ರ. ಒಂದು ಹಂತದ ಯಂತ್ರಗಳು ಇದಕ್ಕಿಂತ ಹಗುರವಾಗಿರುತ್ತವೆ, ಅಗ್ಗವೂ ಹೌದು. ಆದರೆ ಅವುಗಳ ರಬ್ಬರ್ ಅಲಗು ನೆಲವನ್ನು ಒರೆಸಿಕೊಂಡೇ ಹಿಮವನ್ನು ಎತ್ತಿ ಎಸೆಯುವುದರಿಂದ ಜಲ್ಲಿಹಾದಿಯಲ್ಲಿ ಹಿಮದ ಜೊತೆ ಕಲ್ಲುಗಳೂ ಹಾರುತ್ತವೆ. ಎರಡು ಹಂತದ ಯಂತ್ರದಲ್ಲಿ ಕೆಲಸ ಹಂಚಿಹೋಗಿದೆ. ಮುಂದಿನ ಬಾಯಿಯಲ್ಲಿ ನಿಧಾನವಾಗಿ ತಿರುಗುವ, ಆಗರ್ ಎಂದು ಕರೆಯುವ ಉಕ್ಕಿನ ಸುರುಳಿ ಅಲಗು ಹಿಮವನ್ನು ಕಡಿದು ನಡುವಿಗೆ ಎಳೆದು ತರುತ್ತದೆ. ಅದರ ಹಿಂದೆ ವೇಗವಾಗಿ ತಿರುಗುವ ಇಂಪೆಲರ್ ಎಂಬ ರೆಕ್ಕೆಚಕ್ರವು ಬಂದ ಹಿಮವನ್ನು ಮೇಲಿನ ಕೊಳವೆಯ ಮೂಲಕ ದೂರಕ್ಕೆ ತೂರುತ್ತದೆ. ಅಲಗು ನೆಲಕ್ಕೆ ತಾಗುವುದಿಲ್ಲ. ಬಾಯಿಯ ಎರಡು ಬದಿಗಳಲ್ಲಿರುವ ಲೋಹದ ಪಾದಗಳನ್ನು ಏರಿಸಿ ಇಳಿಸಿ, ನೆಲಕ್ಕೂ ಬಾಯಿಗೂ ಎಷ್ಟು ಅಂತರವಿರಬೇಕೆಂದು ನಾವೇ ನಿರ್ಧರಿಸಬಹುದು. ಜಲ್ಲಿಯ ಮೇಲೆ ನಾನು ಎರಡೂವರೆಯಿಂದ ಮೂರು ಸೆಂಟಿಮೀಟರ್ ಬಿಡುತ್ತೇನೆ. ಆ ತೆಳು ಪದರ ಕಾಲ ತುಳಿತಕ್ಕೆ ಗಟ್ಟಿಯಾಗಿ ಜಲ್ಲಿಯ ಮೇಲೆ ಹಾಸಿನಂತೆ ಕೂತ ಮೇಲೆ ಕಲ್ಲು ಹಾರುವುದು ಬಹುಮಟ್ಟಿಗೆ ನಿಲ್ಲುತ್ತದೆ. ಕೆನಡಾದ ಆರ್ಥರ್ ಸಿಕಾರ್ 1925ರಲ್ಲಿ ಲಾರಿಯ ಮೇಲೆ ಕೂರಿಸಿದ್ದ ಮೊದಲ ಹಿಮ ತೂರುವ ಯಂತ್ರದಲ್ಲೂ ಕಡಿಯುವ ಭಾಗ ಬೇರೆ, ಎಸೆಯುವ ಭಾಗ ಬೇರೆಯಾಗಿತ್ತು ಎಂಬುದನ್ನು ಓದಿದಾಗ, ಈ ವಿಭಜನೆ ಎಷ್ಟು ಮೂಲಭೂತವಾದದ್ದು ಎಂದು ನನಗೆ ಅರ್ಥವಾಯಿತು.

ಶೂನ್ಯಕ್ಕಿಂತ ಹತ್ತು ಹನ್ನೆರಡು ಡಿಗ್ರಿ ಕೆಳಗಿನ ಚಳಿಯಲ್ಲಿ ಬಿದ್ದ ಒಣ ಹಿಮದಲ್ಲಿ ಈ ಯಂತ್ರದ ಕೆಲಸ ನೋಡಲು ಬಹಳ ಸೊಗಸು. ಹಿಮ ಹಿಟ್ಟಿನಂತೆ ಒಳಗೆ ಹೋಗಿ, ಕಮಾನಿನಂತೆ ಬಾಗಿ ಹತ್ತು ಮೀಟರ್ ಆಚೆ ಬೀಳುತ್ತದೆ. ಪೆಟ್ಟಿಗೆಯ ಮೇಲೆ 15 ಮೀಟರ್ ಎಂದು ಬರೆದಿದೆ. ಗಾಳಿ ಬೆನ್ನಿಗಿದ್ದ ಒಂದೆರಡು ದಿನ ಬಿಟ್ಟರೆ ಅಷ್ಟು ದೂರ ಬಿದ್ದದ್ದನ್ನು ನಾನು ನೋಡಿಲ್ಲ, ನಮ್ಮ ಹಾದಿಗೆ ಅದು ಬೇಕಾಗಿಯೂ ಇಲ್ಲ. ಗಾಳಿ ಬಂದಾಗ ತೂರಿಕೋ ಎಂಬ ಮಾತಿನ ನೇರ ಅರ್ಥ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ: ಗಾಳಿ ಯಾವ ಕಡೆ ಬೀಸುತ್ತಿದೆಯೆಂದು ಮೊದಲು ನೋಡದೆ ಹೊರಟರೆ ತೂರಿದ ಹಿಮವೆಲ್ಲ ಮುಖಕ್ಕೆ ರಾಚುತ್ತದೆ, ಕನ್ನಡಕ ಹೆಪ್ಪುಗಟ್ಟುತ್ತದೆ, ತೆರವು ಮಾಡಿದ ಜಾಗ ಮತ್ತೆ ಮುಚ್ಚಿಕೊಳ್ಳುತ್ತದೆ. ಗಾಳಿಯಿಲ್ಲದ ದಿನ ಹಾದಿಯ ನಡುವಿನಿಂದ ಶುರುಮಾಡಿ ಎರಡೂ ಅಂಚುಗಳ ಕಡೆಗೆ ಸಾಗುತ್ತೇನೆ. ಗಾಳಿಯಿರುವ ದಿನ ಅದು ಬೀಸಿ ಬರುವ ಅಂಚಿನಿಂದ ಶುರುಮಾಡಿ ಎದುರು ಅಂಚಿನ ಕಡೆಗೆ ಹೋಗುತ್ತೇನೆ. ಮೊದಲ ಹಿಮಗಳನ್ನು ಆದಷ್ಟು ದೂರಕ್ಕೆ ತೂರಬೇಕು ಎನ್ನುವುದನ್ನು ಎರಡನೆಯ ವರ್ಷ ಕಲಿತೆ. ಮೊದಲ ವರ್ಷ ಅಂಚಿನಲ್ಲೇ ಪೇರಿಸಿದ ಹಿಮ ಚಳಿಗಾಲದ ನಡುವಿಗೆ ಗೋಡೆಯಾಗಿ ಎದ್ದು, ಹಾದಿ ದಿನದಿಂದ ದಿನಕ್ಕೆ ಕಿರಿದಾಗುತ್ತ ಹೋಗಿತ್ತು.

ಆದರೆ ಒಣ ಹಿಮವನ್ನು ಯಾವ ಯಂತ್ರವಾದರೂ ತೂರುತ್ತದೆ. ಯಂತ್ರದ ನಿಜವಾದ ಯೋಗ್ಯತೆ ತಿಳಿಯುವುದು ಹಾದಿ ರಸ್ತೆಗೆ ಸೇರುವ ಬಾಯಲ್ಲಿ, ಹಿಮ ತಳ್ಳುವ ವಾಹನ ಬಿಟ್ಟುಹೋದ ದಿಬ್ಬದ ಮುಂದೆ. ಎದೆಮಟ್ಟದ ಆ ದಿಬ್ಬದಲ್ಲಿ ಇರುವುದು ಆಕಾಶದಿಂದ ಬಿದ್ದಂಥ ಹಿಮವಲ್ಲ. ಉರುಳಿಸಿ ತಳ್ಳುವಾಗ ಹಿಮದ ಹರಳುಗಳು ಮುರಿದು ಸಣ್ಣ ಕಾಳುಗಳಾಗುತ್ತವೆ, ಒತ್ತೊತ್ತಾಗಿ ಕೂರುತ್ತವೆ, ತಾಗಿದ ಕಡೆಯಲ್ಲೆಲ್ಲ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಕರಗುವಷ್ಟು ಬಿಸಿಲು ಇಲ್ಲದಿದ್ದರೂ ಈ ಬೆಸುಗೆ ನಡೆಯುತ್ತದೆ. ಬೆಳಿಗ್ಗೆ ಸಲಿಕೆ ಇಳಿಯುತ್ತಿದ್ದ ದಿಬ್ಬ ಮಧ್ಯಾಹ್ನದ ಹೊತ್ತಿಗೆ ಸಲಿಕೆಯನ್ನೇ ಹಿಂದಕ್ಕೆ ಚಿಮ್ಮಿಸುತ್ತದೆ. ಅದರೊಳಗೆ ರಸ್ತೆಯ ಕಲ್ಲು, ಉಪ್ಪು, ನೀರ್ಗಲ್ಲಿನ (ಐಸಿನ) ಗಟ್ಟಿಗಳು ಸೇರಿಕೊಂಡಿರುತ್ತವೆ.

ಮೊದಲ ವರ್ಷ ನಾನು ಯಂತ್ರವನ್ನು ಈ ದಿಬ್ಬಕ್ಕೆ ರಭಸದಿಂದ ನುಗ್ಗಿಸುತ್ತಿದ್ದೆ. ಹಾಗೆ ಮಾಡಿದಾಗ ಮುಂಭಾಗ ದಿಬ್ಬದ ಮೇಲೇರಿ, ಹಿಡಿಕೆ ಕೆಳಗಿಳಿದು, ಚಕ್ರಗಳು ಇದ್ದಲ್ಲೇ ತಿರುಗುತ್ತವೆ. ಸರಿಯಾದ ಕ್ರಮವೆಂದರೆ ಅತಿ ನಿಧಾನದ ಗೇರಿನಲ್ಲಿ, ಬಾಯಿಯ ಅರ್ಧ ಅಗಲಕ್ಕಷ್ಟೇ ಹಿಮ ಸಿಗುವಂತೆ ಅಂಚಿನಿಂದ ಕೊಯ್ಯುತ್ತ ಬರುವುದು. ದಿಬ್ಬ ಬಾಯಿಗಿಂತ ಎತ್ತರವಾಗಿದ್ದರೆ ಮೇಲ್ಭಾಗವನ್ನು ಮೊದಲು ಸಲಿಕೆಯಿಂದ ಕೆಡವಿ, ಬಿದ್ದದ್ದನ್ನು ಯಂತ್ರಕ್ಕೆ ಉಣಿಸುವುದು. ಎಂಜಿನ್ ಮಾತ್ರ ಪೂರ್ಣ ವೇಗದಲ್ಲೇ ಇರಬೇಕು, ಏಕೆಂದರೆ ರೆಕ್ಕೆಚಕ್ರದ ವೇಗ ಇಳಿದರೆ ಹಿಮ ದೂರ ಹಾರದೆ ಕೊಳವೆಯಲ್ಲೇ ಕಟ್ಟಿಕೊಳ್ಳುತ್ತದೆ. ಕಡಿಮೆ ಮಾಡಬೇಕಾದ್ದು ನಡಿಗೆಯ ವೇಗವನ್ನು. ಈ ಒಂದು ವಿಷಯ ತಿಳಿದ ಮೇಲೆ ನಮ್ಮ ಯಂತ್ರ ದಿಬ್ಬದ ಮುಂದೆ ಒಮ್ಮೆಯೂ ನನ್ನನ್ನು ಕೈಬಿಟ್ಟಿಲ್ಲ. ಗಟ್ಟಿಯಾದ ದಿಬ್ಬಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ, ಉಳಿದ ಹಾದಿಗೆ ಸುಮಾರು ಒಂದು ಗಂಟೆ. ಸಲಿಕೆಯಲ್ಲಿ ಇದೇ ಕೆಲಸ ಇಬ್ಬರಿಗೆ ಇಡೀ ದಿನದ್ದಾಗಿತ್ತು.

ದಿಬ್ಬದ ಮಾತು ಬಂದಾಗ ಶಿಯರ್ ಪಿನ್ನಿನ ವಿಷಯವನ್ನು ಹೇಳಲೇಬೇಕು. ಆಗರ್ ಅಲಗನ್ನು ಅದರ ದಂಡಕ್ಕೆ ಹಿಡಿದಿಡುವ ಈ ಚಿಕ್ಕ ಪಿನ್ನುಗಳನ್ನು ಬೇಕೆಂದೇ ಮೆತುವಾದ ಲೋಹದಿಂದ ಮಾಡಿರುತ್ತಾರೆ. ಅಲಗಿಗೆ ಕಲ್ಲೋ ನೀರ್ಗಲ್ಲೋ ಸಿಕ್ಕಿಕೊಂಡರೆ ಪಿನ್ನು ತುಂಡಾಗಿ, ಬೆಲೆಬಾಳುವ ಗೇರ್‌ಬಾಕ್ಸ್ ಉಳಿಯುತ್ತದೆ. ಎರಡನೆಯ ಚಳಿಗಾಲದಲ್ಲಿ ನನ್ನಲ್ಲಿದ್ದ ಪಿನ್ನುಗಳು ಮುಗಿದಾಗ, ಬಿಡಿಭಾಗ ಮಾರುವ ಅಂಗಡಿಯೊಂದರಲ್ಲಿ ಅದೇ ದಪ್ಪದ ಯಾವ ಬೋಲ್ಟಾದರೂ ನಡೆಯುತ್ತದೆ ಎಂದು ಹೇಳಿ ಗಟ್ಟಿ ಉಕ್ಕಿನ ಬೋಲ್ಟನ್ನು ಕೊಟ್ಟರು. ನಾನು ನಂಬಿ ಹಾಕಿದೆ. ವಾರದೊಳಗೆ ಅಲಗಿಗೆ ಕಲ್ಲೊಂದು ಕಚ್ಚಿಕೊಂಡಿತು. ಬೋಲ್ಟು ಮುರಿಯಲಿಲ್ಲ, ಗೇರ್‌ಬಾಕ್ಸಿನ ಒಳಗಿನ ಹಲ್ಲುಚಕ್ರ ಮುರಿಯಿತು. ರಿಪೇರಿಯಾಗಿ ಬರಲು ಮೂರು ವಾರ ಹಿಡಿಯಿತು, ಆ ಮೂರು ವಾರವೂ ಹಿಮ ಬೀಳುತ್ತಲೇ ಇತ್ತು. ಕೈಪಿಡಿ ಪುಸ್ತಕದಲ್ಲಿ ಹೇಳಿದ ಪಿನ್ನನ್ನಲ್ಲದೆ ಬೇರೆ ಯಾವುದನ್ನೂ ಹಾಕಬಾರದು, ಮತ್ತು ಅವನ್ನು ಮಳೆಗಾಲ ಮುಗಿಯುವ ಮೊದಲೇ ಹತ್ತಾದರೂ ತಂದಿಟ್ಟುಕೊಂಡಿರಬೇಕು ಎಂದು ಹೊಸದಾಗಿ ಕೊಳ್ಳುವವರಿಗೆಲ್ಲ ಒತ್ತಿ ಹೇಳುತ್ತೇನೆ. ಪಿನ್ನು ಮುರಿಸುವ ವಸ್ತುಗಳಲ್ಲಿ ಅರ್ಧದಷ್ಟು ನಾವೇ ಹೊರಗೆ ಮರೆತುಬಿಟ್ಟವು: ಬಾಗಿಲ ಕಾಲೊರಸು, ಹಗ್ಗ, ಸೌದೆಯ ತುಂಡು. ನೆಲ ಹೆಪ್ಪುಗಟ್ಟುವ ಮೊದಲು ಹಾದಿಯ ಎರಡು ಅಂಚುಗಳಲ್ಲೂ ಎತ್ತರದ ಗುರುತುಕೋಲುಗಳನ್ನು ನೆಟ್ಟು, ಅವುಗಳ ನಡುವೆ ಏನೂ ಬಿದ್ದಿಲ್ಲವೆಂದು ನೋಡಿಕೊಳ್ಳುವುದು ಈಗ ನಮ್ಮ ಮನೆಯ ವಾಡಿಕೆ.

ಈ ಯಂತ್ರದ ಅತಿ ದೊಡ್ಡ ಕೊರತೆ ಒದ್ದೆ ಹಿಮ. ತಾಪಮಾನ ಶೂನ್ಯದ ಆಸುಪಾಸಿಗೆ ಬಂದಾಗ ಹಿಮ ಕೊಳವೆಯ ಒಳಗೋಡೆಗೆ ಅಂಟಿ, ಪದರದ ಮೇಲೆ ಪದರ ಕೂತು, ಕೆಲವೇ ನಿಮಿಷಗಳಲ್ಲಿ ಬಾಯಿ ಕಟ್ಟಿಬಿಡುತ್ತದೆ. ಕೊಳವೆಗೂ ರೆಕ್ಕೆಗಳಿಗೂ ಮೊದಲೇ ಸಿಲಿಕೋನ್ ಸ್ಪ್ರೇ ಹೊಡೆದರೆ ಸ್ವಲ್ಪ ಹೊತ್ತು ತಡೆಯುತ್ತದೆ, ಅನಂತರ ಮತ್ತೆ ಹೊಡೆಯಬೇಕು. ಕೊರತೆಯಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಆದರೆ ಈ ಯಂತ್ರಗಳಿಂದ ಬೆರಳು ಕಳೆದುಕೊಳ್ಳುವವರು ಹೆಚ್ಚಾಗಿ ಕಳೆದುಕೊಳ್ಳುವುದು ಈ ಕಟ್ಟಿಕೊಂಡ ಹಿಮವನ್ನು ಕೈಯಿಂದ ಬಿಡಿಸಲು ಹೋದಾಗ. ಎಂಜಿನ್ ನಿಲ್ಲಿಸಿದ ಮೇಲೂ ಅಪಾಯ ಮುಗಿದಿರುವುದಿಲ್ಲ ಎಂಬುದು ಹಲವರಿಗೆ ತಿಳಿಯದು: ಹಿಮ ಬಿಗಿಯಾಗಿ ಸಿಕ್ಕಿಕೊಂಡಾಗ ಬೆಲ್ಟಿನಲ್ಲೂ ಅಲಗಿನಲ್ಲೂ ಸೆಳೆತ ಉಳಿದಿರುತ್ತದೆ, ತಡೆ ಬಿಡುತ್ತಿದ್ದಂತೆ ರೆಕ್ಕೆ ಒಮ್ಮೆ ಚಿಮ್ಮಿ ತಿರುಗಬಲ್ಲದು. ಬೆರಳಿಗೆ ಆ ಒಂದು ಚಿಮ್ಮುವಿಕೆಯೇ ಸಾಕು. ನಮ್ಮ ಯಂತ್ರದ ಹಿಡಿಕೆಯಲ್ಲಿ ಹಿಡಿಕೋಲು ಬಿಟ್ಟೊಡನೆ ಅಲಗಿನ ಚಲನೆ ಕಡಿದುಹೋಗುವ ವ್ಯವಸ್ಥೆಯಿದೆ, ಅದು ಐದು ವರ್ಷವೂ ತಪ್ಪದೆ ಕೆಲಸ ಮಾಡಿದೆ. ಆದರೂ ನಾನು ಎಂಜಿನ್ ಪೂರ್ತಿ ನಿಲ್ಲಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು, ಎಲ್ಲ ಚಲನೆ ನಿಂತಿತೆಂದು ಕಣ್ಣಾರೆ ನೋಡಿ, ಯಂತ್ರದ ಜೊತೆಗೇ ಬಂದಿರುವ ಪ್ಲಾಸ್ಟಿಕ್ ಕೋಲಿನಿಂದಲೇ ಹಿಮ ಬಿಡಿಸುತ್ತೇನೆ. ಆ ಕೋಲನ್ನು ಯಂತ್ರದ ಮೇಲೆಯೇ ಸಿಕ್ಕಿಸಿಡಲು ಜಾಗ ಮಾಡಿಕೊಟ್ಟಿರುವುದಕ್ಕೆ ತಯಾರಕರನ್ನು ಮನಸಾರೆ ಮೆಚ್ಚುತ್ತೇನೆ; ದೂರದಲ್ಲಿಟ್ಟ ಕೋಲನ್ನು ತರಲು ಚಳಿಯಲ್ಲಿ ಯಾರಿಗೂ ಮನಸ್ಸು ಬರುವುದಿಲ್ಲ, ಅನಾಹುತ ಆಗುವುದು ಅಲ್ಲಿಯೇ. ಇಂಥ ಯಂತ್ರವನ್ನು ಅಂಗಡಿಯಲ್ಲಿ ನೋಡುವಾಗ ಮೊದಲು ಆ ಕೋಲು ಎಲ್ಲಿದೆಯೆಂದು ನೋಡಿ.

ಇನ್ನು ಎಂಜಿನ್ನಿನ ವಿಷಯ. ಗುಂಡಿ ಒತ್ತಿದರೆ ಚಾಲೂ ಆಗುತ್ತದೆ ಎಂದು ಮಾರುವಾಗ ಹೇಳಿದ್ದರು, ಅದು ಸುಳ್ಳಲ್ಲ. ಆದರೆ ಆ ಗುಂಡಿಗೆ ಬೇಕಾದ ವಿದ್ಯುತ್ತು ಮನೆಯ ಪ್ಲಗ್ಗಿನಿಂದ ತಂತಿ ಎಳೆದು ಕೊಡುವಂಥದ್ದು. ಒದ್ದೆ ಹಿಮದ ಭಾರಕ್ಕೆ ಕೊಂಬೆಗಳು ತಂತಿಯ ಮೇಲೆ ಮುರಿದುಬಿದ್ದು ಕರೆಂಟು ಹೋಗುವುದು ಯಂತ್ರ ಅತಿ ಹೆಚ್ಚು ಬೇಕಾಗುವ ದಿನವೇ. ಆಗ ಉಳಿಯುವುದು ಹಗ್ಗ ಎಳೆದು ಚಾಲೂ ಮಾಡುವ ದಾರಿ. ಕಡುಚಳಿಯಲ್ಲಿ ಎಣ್ಣೆ ಮಂದವಾಗಿ ಆ ಹಗ್ಗ ಬಹಳ ಬಿಗಿಯಾಗಿರುತ್ತದೆ. ಚಳಿಗೆ ತಕ್ಕ 5ಡಬ್ಲ್ಯು-30 ಎಣ್ಣೆಗೆ ಬದಲಾಯಿಸಿ, ಚೋಕ್ ಪೂರ್ತಿ ಎಳೆದು, ಎಂಜಿನ್ನಿಗೆ ಮೊದಲು ಒಂದಿಷ್ಟು ಪೆಟ್ರೋಲು ಊಡುವ ಪ್ರೈಮರ್ ಗುಂಡಿಯನ್ನು ಮೂರು ಸಲ ಒತ್ತಿದ ಮೇಲೆ ನನ್ನ ತೋಳಿಗೆ ಅದು ನಿಲುಕುತ್ತದೆ, ಸಾಮಾನ್ಯವಾಗಿ ನಾಲ್ಕನೆಯ ಎಳೆತಕ್ಕೆ. ಕೊಳ್ಳುವ ಮೊದಲು ಮನೆಯಲ್ಲಿ ಯಾರು ಯಾರು ನಡೆಸಬೇಕಾಗಬಹುದೋ ಅವರೆಲ್ಲರೂ ಅಂಗಡಿಯಲ್ಲಿ ಒಮ್ಮೆ ಹಗ್ಗ ಎಳೆದು ನೋಡುವುದು ಒಳ್ಳೆಯದು. ಮೂರನೆಯ ವರ್ಷ ಎಷ್ಟು ಎಳೆದರೂ ಚಾಲೂ ಆಗಲಿಲ್ಲ. ತಪ್ಪು ನನ್ನದು, ಹಿಂದಿನ ಚಳಿಗಾಲದ ಪೆಟ್ರೋಲನ್ನು ಟ್ಯಾಂಕಿನಲ್ಲೇ ಬಿಟ್ಟಿದ್ದೆ. ಎಥನಾಲ್ ಬೆರೆತ ಪೆಟ್ರೋಲು ತೇವವನ್ನು ಹೀರಿಕೊಳ್ಳುತ್ತದೆ, ತಿಂಗಳುಗಟ್ಟಲೆ ನಿಂತರೆ ಅಂಟಾಗಿ ಕಾರ್ಬ್ಯುರೇಟರಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತದೆ. ಈಗ ಕೊನೆಯ ಹಿಮ ಕರಗಿದ ವಾರವೇ ಟ್ಯಾಂಕು ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ನಡೆಸಿ ಇಡುತ್ತೇನೆ. ಯಂತ್ರವನ್ನು ಕೊಟ್ಟಿಗೆಯೊಳಗೆ ಚಾಲೂ ಮಾಡಕೂಡದು, ಬಾಗಿಲು ತೆರೆದಿದ್ದರೂ ಕೂಡದು; ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಬಿರುಸಿನ ಹಿಮಪಾತದಲ್ಲಿ ಎಲ್ಲ ನಿಲ್ಲಲಿ ಎಂದು ಕಾಯದೆ, 15 ಸೆಂಟಿಮೀಟರ್ ಬಿದ್ದಾಗಲೊಮ್ಮೆ ತೆರವು ಮಾಡುವುದು ನಾನು ರೂಢಿಸಿಕೊಂಡ ಕ್ರಮ. ಪೆಟ್ರೋಲು ಹೆಚ್ಚು ಖರ್ಚಾಗುತ್ತದೆ, ರಾತ್ರಿ ಎರಡು ಬಾರಿ ಹೊರಗೆ ಹೋಗಬೇಕಾಗುತ್ತದೆ. ನಾಲ್ಕನೆಯ ಚಳಿಗಾಲದ ಒಂದು ರಾತ್ರಿ ಹೀಗೆ ಹತ್ತು ಗಂಟೆಗೆ ಹಾದಿ ಬಿಡಿಸಿ ಮಲಗಿದ್ದೆವು. ಎರಡು ಗಂಟೆಗೆ ಯಜಮಾನರಿಗೆ ಎದೆ ಹಿಡಿದಂತಾಯಿತು. ಆಂಬುಲೆನ್ಸ್ ರಸ್ತೆಯಲ್ಲಿ ನಿಲ್ಲದೆ ಬಾಗಿಲವರೆಗೆ ಬಂದಿತು. ಅವರು ಈಗ ಚೆನ್ನಾಗಿದ್ದಾರೆ. ಅಂದಿನಿಂದ ಪೆಟ್ರೋಲಿನ ಖರ್ಚಿನ ಬಗ್ಗೆ ನಮ್ಮ ಮನೆಯಲ್ಲಿ ಮಾತು ಬಂದಿಲ್ಲ.

ಯಂತ್ರಕ್ಕೆ ಆಗದ ಕೆಲಸಗಳಿವೆ. ಮೆಟ್ಟಿಲು, ಗೋಡೆಯಂಚು, ಕಿಟಕಿಯ ಬುಡಗಳಿಗೆ ಸಲಿಕೆಯೇ ಬೇಕು. ಮನೆ ಬಿಸಿಮಾಡುವ ಒಲೆಯ ಹೊಗೆ ಹೊರಹೋಗುವ ಕೊಳವೆ ಹಿಮದಲ್ಲಿ ಮುಚ್ಚಿದರೆ ವಿಷಾನಿಲ ಒಳಗೇ ತುಂಬುತ್ತದೆ, ಆದ್ದರಿಂದ ಹಾದಿಗೂ ಮೊದಲು ಅದನ್ನು ಕೈಯಾರೆ ಬಿಡಿಸುತ್ತೇನೆ, ಯಂತ್ರದಿಂದ ಆ ಕಡೆಗೆ ಹಿಮ ತೂರದಂತೆ ನೋಡಿಕೊಳ್ಳುತ್ತೇನೆ. ಚಾವಣಿಗೆ ಉದ್ದ ಕೋಲಿನ ಹಿಮಗುಂಟೆ ಬೇರೆಯೇ ಇದೆ, ಅದರ ವಿಷಯ ಇಲ್ಲಿ ಬೇಡ.

ದೂರುಗಳೂ ಇವೆ. ನೂರು ಕಿಲೋದಷ್ಟು ಭಾರದ ಈ ಯಂತ್ರವನ್ನು ಹಾದಿಯ ಕೊನೆಯಲ್ಲಿ ತಿರುಗಿಸುವುದು ನನಗೆ ಇಂದಿಗೂ ಕಷ್ಟ, ಏಕೆಂದರೆ ಎರಡೂ ಚಕ್ರಗಳು ಒಂದೇ ದಂಡಕ್ಕೆ ಬಿಗಿದುಕೊಂಡು ಒಟ್ಟಿಗೇ ತಿರುಗುತ್ತವೆ. ಒಂದು ಚಕ್ರದ ಚಲನೆಯನ್ನು ಬೆರಳಿನಿಂದಲೇ ಬಿಡಿಸುವ ಮಾದರಿಗಳಿದ್ದವು. ಅನಾವಶ್ಯಕವೆಂದುಕೊಂಡು ಬಿಟ್ಟುಬಿಟ್ಟೆ, ಅದು ತಪ್ಪಾಯಿತು. ಕೊಳವೆ ತಿರುಗಿಸುವ ಹಿಡಿಯ ಹಲ್ಲುಗಳಲ್ಲಿ ನೀರು ಹೆಪ್ಪುಗಟ್ಟಿ ತಿಂಗಳಿಗೊಮ್ಮೆಯಾದರೂ ಹಟ ಹಿಡಿಯುತ್ತದೆ. ಮುಂದಿನ ದೀಪ ಹಿಮ ಬೀಳುತ್ತಿರುವಾಗ ಹಿಮವನ್ನೇ ಬೆಳಗುತ್ತದೆ, ಹಾದಿಯನ್ನಲ್ಲ. ಸದ್ದು ಬಹಳ, ಕಿವಿಗೆ ರಕ್ಷಣೆಯಿಲ್ಲದೆ ಒಂದು ಗಂಟೆ ನಡೆಸಬಾರದು. ಬ್ಯಾಟರಿಯಿಂದ ನಡೆಯುವ ಯಂತ್ರಗಳು ಈ ಸದ್ದಿನಿಂದಲೂ ಹೊಗೆಯಿಂದಲೂ ಮುಕ್ತ. ಚಿಕ್ಕ ಹಾದಿಯುಳ್ಳವರು ಅವನ್ನೇ ನೋಡಲಿ. ಆದರೆ ಚಳಿಯಲ್ಲಿ ಲಿಥಿಯಂ ಬ್ಯಾಟರಿಯ ಕಸುವು ಕುಗ್ಗುತ್ತದೆ, ಕರೆಂಟು ಹೋದ ರಾತ್ರಿ ಅದನ್ನು ಮತ್ತೆ ತುಂಬಿಸಿಕೊಳ್ಳುವ ದಾರಿಯಿಲ್ಲ. ಹೀಗಾಗಿ ನಮ್ಮಂಥ ಒಂಟಿಮನೆಗೆ ನಾನು ಅದನ್ನು ಸೂಚಿಸಲಾರೆ.

ಕೆಲಸ ಮುಗಿದ ಮೇಲೆ ಅಲಗನ್ನು ಇನ್ನೆರಡು ನಿಮಿಷ ಖಾಲಿ ತಿರುಗಿಸಿ ಒಳಗಿನ ಹಿಮವನ್ನೆಲ್ಲ ಹೊರಹಾಕದಿದ್ದರೆ, ಉಳಿದದ್ದು ಕರಗಿ ಹೆಪ್ಪುಗಟ್ಟಿ ಮರುದಿನ ರೆಕ್ಕೆಚಕ್ರ ಕಚ್ಚಿಕೊಂಡಿರುತ್ತದೆ. ಬೆಚ್ಚಗಿನ ಕೋಣೆಯಲ್ಲಿಟ್ಟು ನೇರವಾಗಿ ಹೊರಗೆ ತಂದರೂ ಇದೇ ತೊಂದರೆ, ಲೋಹದ ಬಿಸಿಗೆ ಮೊದಲ ಹಿಮ ಕರಗಿ ಅಂಟಿಕೊಳ್ಳುತ್ತದೆ. ನಾವು ಬಿಸಿಯಿಲ್ಲದ ಕೊಟ್ಟಿಗೆಯಲ್ಲಿ, ಬಾಗಿಲಿಗೆ ಮುಖ ಮಾಡಿ ನಿಲ್ಲಿಸುತ್ತೇವೆ. ಪಕ್ಕದ ಮೊಳೆಯಲ್ಲಿ ಒಂದು ಹೆಚ್ಚುವರಿ ಬೆಲ್ಟು, ಪಿನ್ನುಗಳ ಡಬ್ಬಿ, ಕೊಟ್ಟಿಗೆಯ ಬಾಗಿಲನ್ನೇ ಹಿಮ ಮುಚ್ಚಿದರೆಂದು ಮನೆಯ ಒಳಗೆ ಬೇರೊಂದು ಸಲಿಕೆ.